ಹಮಾರ್ತಿಯಾಗೆ ‘ದೋಷ’ ಸರೀನಾ, ‘ತಪ್ಪು’ ಸಾಲಲ್ವಾ?

ಎಲ್ರಿಗೂ ನಮಸ್ಕಾರ. ನಮ್ಮ ಸಿನಿಮಾ ಬಳಗದಲ್ಲಿ ಪಸೋಲಿನಿಯ ‘ಎಡಿಪೋ ರೇ’ (1967) ತೋರಿಸ್ತಿದೀವಿ, ಅದಕ್ಕೆ ಎರಡು ಪುಟದ ಟಿಪ್ಪಣಿ ಬರೆಯೋಕೆ ಕೂತು ಅರಿಸ್ಟಾಟಲ್ ಹೇಳೋ ‘ಹಮಾರ್ತಿಯಾ’ (ದುರಂತ ನಾಟಕದಲ್ಲಿ ನಾಯಕನ ಪತನಕ್ಕೆ ಕಾರಣವಾಗೋದು) ಹತ್ರ ನಿಂತುಬಿಟ್ಟಿದೀನಿ, ಕನ್ನಡದಲ್ಲಿ ಅದಕ್ಕೆ ಏನನ್ನೋದು? ನಾನು ಓದಿರೋ ಕಡೆಯೆಲ್ಲ ‘ದುರಂತ ದೋಷ’ ಅಂತಾನೇ ಇರುತ್ತೆ. ಆದ್ರೆ ದೋಷ ಅಂದ್ರೆ ನಮಗೆ ಜಾತಕದೋಷ, ವಾಸ್ತುದೋಷ ನೆನಪಾಗುತ್ತೆ, ಅಂದ್ರೆ ಮೊದಲಿಂದ್ಲೂ ಅಂಟಿಕೊಂಡು ಬಂದಿರೋ ಕೊರೆ. ಗ್ರೀಕಲ್ಲಿ ಅದು ಹಾಗಿಲ್ಲ, ‘ಹಮಾರ್ತಾನೇನ್’ ಅನ್ನೋ ಕ್ರಿಯಾಪದದಿಂದ ಬಂದಿದ್ದು, ಇಲಿಯಡ್‌ನಲ್ಲಿ ಎಸೆದ ಈಟಿ ಗುರಿಗೆ ತಾಗದೇ ಹೋದ್ರೆ ಬರೋದು ಇದೇ ಪದ.

ಈ ಸಿನಿಮಾದ ನಾಯಕ, ಗ್ರೀಕ್ ಪುರಾಣದ ಈಡಿಪಸ್, ಭವಿಷ್ಯವಾಣಿ ಕೇಳಿ ತಾನು ಬೆಳೆದ ಕೊರಿಂತ್ ಬಿಟ್ಟು ಓಡಿದ್ದೇ ಅಪ್ಪನ್ನ ಕೊಲ್ಲೋ ಹಾಗಾಗಬಾರ್ದು ಅಂತ, ದಾರೀಲಿ ಯಾರೋ ಮುದುಕ ಅಂತ ಹೊಡೆದಿದ್ದು ಅಪ್ಪನ್ನೇ. ಅಲ್ಲಿ ದೋಷ ಎಲ್ಲಿದೆ ಹೇಳಿ, ಗುರಿ ತಪ್ತು ಅಷ್ಟೇ. (ಬಿಎಂಶ್ರೀ ‘ಅಶ್ವತ್ಥಾಮನ್’ಗೆ ಆಧಾರ ಮಾಡ್ಕೊಂಡ ಸೊಫೊಕ್ಲಿಸನ ಅಯಾಸ್ ನಾಟಕದಲ್ಲೂ ಅಷ್ಟೇ, ಸೇನಾನಾಯಕರು ಅಂತ ಭ್ರಮಿಸಿ ದನಕುರಿಗಳನ್ನ ಕಡಿದು ಹಾಕ್ತಾನೆ.)

ಆಗ ಹೊಳೀತು, ನಮ್ಮ ‘ತಪ್ಪು’ ಇದೆಯಲ್ಲ, ಅದ್ರಲ್ಲಿ ಎರಡೂ ಅರ್ಥ ಕೂತಿದೆ! ಬಸ್ಸು ತಪ್ತು, ತಾಳ ತಪ್ತು, ಈಡು ತಪ್ತು ಅಂತೀವಿ, ಮಾತಿಗೆ ತಪ್ಪಿದ ಅಂತಾನೂ ಅಂತೀವಿ. ಗ್ರೀಕ್ ಕ್ರಿಯಾಪದದ ಹರವು ಹೆಚ್ಚೂಕಮ್ಮಿ ಇದೇನೇ. ಕಷ್ಟ ಏನಂದ್ರೆ ಕ್ರಿಯಾಪದವಾಗಿ ಇಷ್ಟು ಚೆನ್ನಾಗಿರೋದು ನಾಮಪದ ಆದ ಕೂಡ್ಲೇ ‘ತಪ್ಪು ಮಾಡಿದ’ ಅಂತ ಅಪರಾಧದ ಕಡೆ ವಾಲುತ್ತೆ. ‘ಕಣ್ತಪ್ಪು’ ಅನ್ನೋದು ನಂಗೆ ತುಂಬಾ ಹಿಡಿಸ್ತು, ಕೊನೆಗೆ ಈಡಿಪಸ್ ಕಣ್ಣೇ ಚುಚ್ಚಿಕೊಳ್ತಾನಲ್ಲ, ಆದ್ರೆ ಅದು ಈಗ ಅಚ್ಚಿನ ತಪ್ಪಿನ ಮಟ್ಟಕ್ಕೆ ಹಗುರ ಆಗ್ಬಿಟ್ಟಿದೆ.

ಟಿಪ್ಪಣೀಲಿ ‘ಇನ್ಸೆಂಡೀಸ್’ (2010) ಬಗ್ಗೇನೂ ಬರೀಬೇಕು, ವಜ್ದಿ ಮುಅವದ್ ನಾಟಕದಿಂದ ನಿರ್ದೇಶಕ ವಿಲ್ನವ್ ಮಾಡಿದ ಸಿನಿಮಾ, ನೋಡದವರು ಈ ಪ್ಯಾರಾ ದಾಟಿಬಿಡಿ. ಅದೂ ಈಡಿಪಸ್ ಕಥೇನೇ, ಜೈಲಲ್ಲಿ ತಾನು ಹಿಂಸಿಸ್ತಿರೋ ಹೆಂಗಸು ತನ್ನ ಹೆತ್ತ ತಾಯಿ ಅಂತ ಮಗನಿಗೆ ಗೊತ್ತಿಲ್ಲ. ಆದ್ರೆ ಹಿಂಸೆ ಕೊಡ್ತಿದೀನಿ ಅನ್ನೋದು ಚೆನ್ನಾಗೇ ಗೊತ್ತು. ಅಲ್ಲಿ ಬರೀ ಗುರಿ ತಪ್ಪಿದ್ದು ಅಂದ್ರೆ ಆ ತಾಯಿಗೆ ಅನ್ಯಾಯ ಮಾಡಿದ ಹಾಗಾಗುತ್ತೆ. ಹಾಗಾಗಿ ಎರಡೂ ಅರ್ಥ ಹೊರೋ ಪದಾನೇ ಬೇಕು, ನನ್ನ ಒಲವು ‘ತಪ್ಪು’ ಕಡೇಗೇ.

ಸದ್ಯಕ್ಕೆ ‘ಗುರಿದಪ್ಪು’ ಅಂತ ಆದೇಶ ಸಂಧಿ ಮಾಡಿ ಬರ್ಕೊಂಡಿದೀನಿ, ಕಿವಿಗೆ ಹೇಗಿದೆ? ಹಳಗನ್ನಡದಲ್ಲಿ ‘ತಪ್ಪು’ ನಾಮಪದವಾಗೇ ‘ತಾಗದೇ ಹೋಗಿದ್ದು’ ಅನ್ನೋ ಅರ್ಥದಲ್ಲಿ ಬಂದಿರೋ ಪ್ರಯೋಗ ಯಾರಿಗಾದ್ರೂ ಗೊತ್ತಿದ್ರೆ ಸಾಲಿನ ಸಮೇತ ಕೊಡಿ. ನಿಮ್ಮೂರ ಕಡೆ ಈಟಿ, ಕವಣೆ, ಗೋಲಿ ಗುರಿ ತಪ್ಪಿದ್ರೆ ಏನಂತಾರೆ ಅಂತಾನೂ ಬರೀರಿ.