ಇಳಕಲ್ ಸೀರೆಯ ರೇಷ್ಮೆ ಸೆರಗು ಸವಳು ನೀರಿನಲ್ಲಿ ಒಗೆಯಬಹುದಾ?

ಜೇವರ್ಗಿ ರೋಡಿನವಳು, ಕಲಬುರಗಿ

ನಮಸ್ಕಾರ. ನಮ್ಮವ್ವನ ಇಳಕಲ್ ಸೀರೆ ನನ್ನ ಹತ್ರ ಇದೆ. ಮೈ ಕಪ್ಪು, ಹತ್ತಿ ನೂಲು. ಸೆರಗು ಕೆಂಪು ರೇಷ್ಮೆ, ಅದರಲ್ಲಿ ಬಿಳಿ ತೆನೆ. ತಂಗಿಯ ಕುಬಸಕ್ಕೆ ಉಟ್ಟಿದ್ದೆ. ಹೋಳಿಗೆ ಬಡಿಸುವಾಗ ಸೆರಗಿಗೆ ತುಪ್ಪ ಬಿತ್ತು. ನೆರಿಗೆ ಹತ್ರ ಯಾರದ್ದೋ ಅರಿಶಿನದ ಬೆರಳಿನ ಗುರುತೂ ಇದೆ. ಮೇ ತಿಂಗಳ ಬೆವರಂತೂ ಕೇಳಲೇಬೇಡಿ. ಹೋದ ವರ್ಷ ಇಂಥದ್ದೇ ಸೀರೆ ಡ್ರೈಕ್ಲೀನಿಗೆ ಕೊಟ್ಟಿದ್ದೆ, ಬೆವರಿನ ವಾಸನೆ ಹಾಗೇ ವಾಪಸ್ ಬಂತು. ಮನೇಲೇ ಒಗೆಯೋಣ ಅಂದ್ರೆ ನಮ್ಮದು ಬೋರ್ ನೀರು, ಬಕೆಟಿನ ಒಳಗೆಲ್ಲ ಬಿಳಿ ಪದರ ಕಟ್ಟುತ್ತೆ. ಶಾಂಪೂ ಹಾಕಲಾ, ಅಂಟುವಾಳ ಹಾಕಲಾ? ಉಪ್ಪು ಹಾಕಿದ್ರೆ ಬಣ್ಣ ನಿಲ್ಲುತ್ತೆ ಅಂತ ಅತ್ತೆ ಹೇಳ್ತಾರೆ, ನಿಜಾನಾ?

ಯಾದಗಿರಿ ಅಣ್ಣ

ತಂಗಿ, ಸುಮ್ನೆ ತಲೆನೋವು ಯಾಕೆ? ಬೇರೆ ಅಂಗಡಿ ನೋಡಿ ಡ್ರೈಕ್ಲೀನಿಗೇ ಕೊಡು. ಅವ್ವನ ಸೀರೆ ಮೇಲೆ ಪ್ರಯೋಗ ಮಾಡಬಾರದು.

ಫಾಲ್ ಪಿಕೋ ಅಕ್ಕ, ಬೀದರ್

ಅಣ್ಣಾವ್ರು ಹೇಳಿದ್ದು ತುಪ್ಪದ ಮಟ್ಟಿಗೆ ಸರಿ. ಡ್ರೈಕ್ಲೀನಿನಲ್ಲಿ ನೀರಿನ ಬದಲು ಬೇರೆ ದ್ರಾವಣ ಇರುತ್ತೆ, ಅದು ಜಿಡ್ಡನ್ನು ಚೆನ್ನಾಗಿ ಎತ್ತುತ್ತೆ. ಬೆವರಿನ ಉಪ್ಪು ಮಾತ್ರ ನೀರಿನಲ್ಲೇ ಕರಗಬೇಕು. ನಿಮ್ಮ ಸೀರೆಗೆ ವಾಸನೆ ಉಳಿದಿದ್ದು ಅದಕ್ಕೇ ಇರಬೇಕು.

ನಾನು ಮನೇಲೇ ಫಾಲ್ ಹಚ್ಚಿ, ಕುಚ್ಚು ಕಟ್ಟುವವಳು. ಒಗೆದು ಕೆಟ್ಟ ಸೀರೆಗಳು ಕೊನೆಗೆ ನನ್ನ ಹತ್ರವೇ ಬರ್ತವೆ. ಜನ ಸೋಪಿನ ಬಗ್ಗೆ ಯೋಚಿಸ್ತಾರೆ, ನೀರನ್ನು ಮರೀತಾರೆ. ಸವಳು ನೀರಿನಲ್ಲಿ ಸುಣ್ಣದ ಅಂಶ ಜಾಸ್ತಿ. ಸೋಪು ಅದರ ಜೊತೆ ಸೇರಿ ಬೂದು ಜಿಡ್ಡಾಗಿ ನೂಲಿಗೆ ಹತ್ತುತ್ತೆ, ರೇಷ್ಮೆ ಹೊಳಪು ಹೋಗಿ ಮಂಕಾಗುತ್ತೆ. ಆಮೇಲೆ ಎಷ್ಟು ಜಾಲಿಸಿದ್ರೂ ಅದೇ ನೀರು ತಾನೇ! 20 ಲೀಟರಿನ ಫಿಲ್ಟರ್ ನೀರಿನ ಕ್ಯಾನ್ ತರಿಸಿ. ಒಂದು ಸೀರೆಗೆ ಎರಡು ಕ್ಯಾನ್ ಬೇಕಾಗಬಹುದು. ಡ್ರೈಕ್ಲೀನಿಗೆ ಕೊಡೋ ದುಡ್ಡಿನ ಮುಂದೆ ಅದು ಏನೂ ಅಲ್ಲ.

ಒದ್ದೆ ಮಾಡೋ ಮೊದಲು ಬಣ್ಣ ನೋಡಿ. ಬಿಳಿ ಬಟ್ಟೆ ತೋಯಿಸಿ ಸೆರಗಿನ ಮೂಲೆ ಮೇಲೆ ಒಂದೆರಡು ನಿಮಿಷ ಒತ್ತಿ ಹಿಡೀರಿ. ಕೆಂಪು ಹತ್ತಿತೋ, ಆ ಸೀರೆ ಮನೇಲಿ ಒಗೀಬೇಡಿ. ನಿಮ್ಮ ಸೆರಗಿನಲ್ಲಿ ಬಿಳಿ ತೆನೆ ಇದೆ, ನೆನಪಿರಲಿ. ಕೆಂಪು ಬಿಟ್ಟರೆ ಮೊದಲು ಗುಲಾಬಿ ಆಗೋದು ಅದೇ. ಅಂಥ ಸೆರಗು ನೋಡಿದ್ದೇನೆ, ತೆನೆಯ ತುದಿಯಿಂದ ಬಣ್ಣ ಒಳಗೆ ಹರಿದಿರುತ್ತೆ, ಯಾರಿಂದಲೂ ತೆಗೆಯೋಕಾಗಲ್ಲ. ಉಪ್ಪಿನ ಮಾತು ನಂಬಬೇಡಿ, ಬಿಡೋ ಬಣ್ಣ ಉಪ್ಪು ಹಾಕಿದ್ರೂ ಬಿಡುತ್ತೆ. ಅತ್ತೆಯವರಿಗೆ ನಾನು ಹೇಳಿದೆ ಅಂತ ಹೇಳಬೇಡಿ ಮತ್ತೆ.

ಇನ್ನೊಂದು. ಸೆರಗು ನಿಜವಾದ ರೇಷ್ಮೆನಾ? ಇಳಕಲ್‌ನಲ್ಲಿ ಆರ್ಟ್ ಸಿಲ್ಕ್, ಅಂದ್ರೆ ಕೃತಕ ರೇಷ್ಮೆಯ ಸೆರಗೂ ಬರುತ್ತೆ. ತುದಿಯ ಒಂದು ಎಳೆ ಕಿತ್ತು ಸುಡಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಿನಲ್ಲಿ ಪುಡಿಯಾದ್ರೆ ರೇಷ್ಮೆ. ಕಾಗದ ಸುಟ್ಟ ವಾಸನೆ ಬಂದ್ರೆ ರೇಯಾನ್. ಅದು ಒದ್ದೆಯಾದಾಗ ಇನ್ನೂ ನಾಜೂಕು, ಎಳೀಬೇಡಿ.

ತುಪ್ಪದ ಮೇಲೆ ನೀರು ಹಾಕಬೇಡಿ. ಮೈಗೆ ಹಚ್ಚೋ ಪೌಡರ್ ದಪ್ಪಗೆ ಉದುರಿಸಿ, ರಾತ್ರಿ ಬಿಟ್ಟು ಬೆಳಿಗ್ಗೆ ಮೆತ್ತಗೆ ಕೊಡವಿ. ಬೇಕಾದ್ರೆ ಇನ್ನೊಂದು ಸಲ. ಆಮೇಲೆ ಅಂಟುವಾಳ. ಹತ್ತು ಕಾಯಿ ಬೀಜ ತೆಗೆದು ರಾತ್ರಿ ನೆನೆಸಿ, ಸಣ್ಣ ಉರಿಯಲ್ಲಿ ಕುದಿಸಿ, ತೆಳು ಬಟ್ಟೆಯಲ್ಲಿ ಸೋಸಿ, ಪೂರ್ತಿ ಆರಿಸಿ. ಅದು ಸೋಪಿನ ಹಾಗೆ ಸುಣ್ಣದ ಜೊತೆ ಕೂಡಿ ಜಿಡ್ಡು ಕಟ್ಟಲ್ಲ. ತಿಳಿ ಬಣ್ಣದ ಸೀರೆಗಾದ್ರೆ ಕಂದು ಛಾಯೆ ಬರಬಹುದು, ಅಲ್ಲಿ ಮಕ್ಕಳ ಶಾಂಪೂ ಸಾಕು. ಬಟ್ಟೆ ಒಗೆಯೋ ಪೌಡರ್ ಮಾತ್ರ ಬೇಡ. ಅದರ ಕ್ಷಾರ ರೇಷ್ಮೆಗೆ ಆಗಲ್ಲ. ಕೆಲವು ಪೌಡರಿನಲ್ಲಿ ಹಾಲು, ರಕ್ತದಂಥ ಪ್ರೋಟೀನ್ ಕಲೆ ಕರಗಿಸೋ ಎಂಜೈಮ್ ಇರುತ್ತೆ. ರೇಷ್ಮೆಯೂ ಪ್ರೋಟೀನೇ ಅಲ್ವಾ? ಬ್ಲೀಚ್ ಅಂತೂ ನೂಲನ್ನೇ ತಿಂದುಬಿಡುತ್ತೆ.

ಅಂಟುವಾಳದ ನೀರು ಬೆರೆಸಿದ ತಣ್ಣೀರಲ್ಲಿ ಅದ್ದಿ ಎತ್ತಿ, ನಾಲ್ಕೈದು ನಿಮಿಷ ಸಾಕು. ಉಜ್ಜಬೇಡಿ, ಹಿಂಡಬೇಡಿ. ಕೊನೆಯ ನೀರಿಗೆ ಎರಡು ಚಮಚ ಬಿಳಿ ವಿನೆಗರ್ ಹಾಕಿದ್ರೆ ಹೊಳಪು ಬರುತ್ತೆ. ಆಮೇಲೆ ಟವೆಲ್ಲಿನಲ್ಲಿ ಸುತ್ತಿ ಒತ್ತಿ, ನೆರಳಿನಲ್ಲಿ ಹರವಿ. ತಂತಿ ಮೇಲೆ ಹಾಕಬೇಡಿ, ತುಕ್ಕಿನ ಗೆರೆ ಬೀಳುತ್ತೆ. ನಮ್ಮ ಕಡೆ ಬಿಸಿಲಿಗೆ ನೆರಳಿನಲ್ಲೂ ಬೇಗ ಆರುತ್ತೆ.

ಅರಿಶಿನಕ್ಕೆ ಸೋಪು ತಾಗಿದ್ರೆ ಕೆಂಪಾಗುತ್ತೆ, ಗಾಬರಿ ಬೇಡ. ವಿನೆಗರ್ ನೀರಲ್ಲಿ ಮತ್ತೆ ಹಳದಿ ಆಗುತ್ತೆ. ಪೂರ್ತಿ ಹೋಗದಿದ್ರೆ ಬಿಟ್ಟುಬಿಡಿ, ನೆರಿಗೆಯಲ್ಲಿ ಮುಚ್ಚುತ್ತೆ.

ಜೇವರ್ಗಿ ರೋಡಿನವಳು

ಅಕ್ಕಾ, ತುಂಬ ಉಪಕಾರ. ಎಳೆ ಸುಟ್ಟೆ, ಕೂದಲಿನ ವಾಸನೆಯೇ! ಬಿಳಿ ಬಟ್ಟೆಗೆ ಸೆರಗಿನ ಬಣ್ಣ ಹತ್ತಲಿಲ್ಲ. ಆದ್ರೆ ಅಂಚಿನ ಒಳಗಿರೋ ಫಾಲ್ ಕೆಂಪು ಇದೆ, ಅದರದ್ದು ಸ್ವಲ್ಪ ಹತ್ತಿತು.

ಫಾಲ್ ಪಿಕೋ ಅಕ್ಕ, ಬೀದರ್

ಫಾಲ್ ಬಿಚ್ಚಿಬಿಡಿ ತಂಗಿ, ಒಗೆದ ಮೇಲೆ ಹೊಸದು ಹಚ್ಚಿಸಿ. ನಿಮ್ಮ ಸೆರಗಿನ ಬಣ್ಣ ಗಟ್ಟಿ ಇದೆ, ಆದ್ರೆ ಫಾಲ್‌ನಿಂದಲೂ ಸೀರೆ ಹಾಳಾಗುತ್ತೆ. ಹತ್ತಿ ಫಾಲ್ ನೀರಿಗೆ ಕುಗ್ಗಿ ಅಂಚನ್ನು ಎಳೆದು ಸುಕ್ಕು ಮಾಡುತ್ತೆ, ಬಣ್ಣವನ್ನೂ ಬಿಡುತ್ತೆ. ಹೊಸ ಫಾಲನ್ನು ಬಿಸಿ ನೀರಲ್ಲಿ ನೆನೆಸಿ ಆರಿಸಿಯೇ ಹಚ್ಚಬೇಕು. ಹಚ್ಚೋರನ್ನು ಇದನ್ನೇ ಕೇಳಿ, ಮುಖ ನೋಡಿದ್ರೆ ಗೊತ್ತಾಗುತ್ತೆ ಮಾಡ್ತಾರೋ ಇಲ್ವೋ ಅಂತ.

ಯಾದಗಿರಿ ಅಣ್ಣ

ಅಕ್ಕಾವ್ರೇ, ನನ್ನ ಹೆಂಡತಿ ಜರಿ ಸೀರೆ ಹೀಗೇ ಒಗೆಯಲಾ ಅಂತ ಕೇಳ್ತಿದ್ದಾಳೆ.

ಫಾಲ್ ಪಿಕೋ ಅಕ್ಕ, ಬೀದರ್

ಜರಿ ಸೀರೆಗೆ ನೀವು ಮೊದಲು ಹೇಳಿದ ಡ್ರೈಕ್ಲೀನೇ ಸರಿ ಅಣ್ಣ. ಅಸಲಿ ಜರಿಯಲ್ಲಿ ಬೆಳ್ಳಿ ಇರುತ್ತೆ, ಕಪ್ಪಾಗುತ್ತೆ. ಒಗೆಯೋದಕ್ಕಿಂತ ಇಡೋದು ನೋಡಿಕೊಳ್ಳಲಿ. ಹಳೆ ಬಿಳಿ ಪಂಚೆಯಲ್ಲಿ ಸುತ್ತಿ ಇಡಿ, ನುಸಿಗುಳಿಗೆ ಜರಿಗೆ ತಾಗದ ಹಾಗೆ ನೋಡಿ, ಮೂರು ನಾಲ್ಕು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ಇಲ್ಲದಿದ್ರೆ ಮಡಿಕೆಯಲ್ಲೇ ಸೀಳುತ್ತೆ.