ಪದಚರ್ಚೆ: ಕಾಜಾರ್ ಹೆಂಗಸರ ಚಿತ್ರಕ್ಕೆ ‘ಭಾವಚಿತ್ರ’ ಎನ್ನಬಹುದೆ?

ಪ್ರಶ್ನೆ: ಇರಾನನ್ನು ಆಳಿದ ಕಾಜಾರ್ ರಾಜಮನೆತನದ ಅರಮನೆಯ ತೈಲಚಿತ್ರಗಳಿಗೆ ಕನ್ನಡದಲ್ಲಿ ಅಡಿಬರಹ ಬರೆಯಬೇಕಿದೆ. ಹೆಂಗಸೊಬ್ಬಳೇ ಇರುವ ಚಿತ್ರಗಳನ್ನೆಲ್ಲ ‘ಭಾವಚಿತ್ರ’ ಎನ್ನಬಹುದೆ? ‘ಚಹರೆ’ ಹೇಗೆ? ತುಟಿಯ ಮೇಲಿನ ಕಪ್ಪನ್ನು ‘ಮೀಸೆ’ ಎಂದೇ ಬರೆಯಬೇಕೆ?

ಉತ್ತರ: ಎಲ್ಲಕ್ಕೂ ಭಾವಚಿತ್ರ ಹೊಂದದು. ಆ ಮಾತು ಕೇಳಿದೊಡನೆ ನಮಗೆ ನೆನಪಾಗುವುದು ಗುರುತಿನ ಚೀಟಿ. ಇಂಥವರದೇ ಮುಖ, ಹೋಲಲೇಬೇಕು. ಫತ್‌ಅಲಿ ಶಾ (ಆಳ್ವಿಕೆ 1797–1834) ಕಾಲದ ಹೆಣ್ಣುಚಿತ್ರಗಳಿಗೆ ಆ ಹಂಗಿಲ್ಲ. ತಾರ್ ಎಂಬ ತಂತಿವಾದ್ಯ ನುಡಿಸುವವಳನ್ನೂ ಕೈಯೂರಿ ತಲೆಕೆಳಗಾಗಿ ನಿಂತ ದೊಂಬರಾಟದವಳನ್ನೂ ಪಕ್ಕಪಕ್ಕ ಇಟ್ಟು ನೋಡಿ: ಅದೇ ದುಂಡುಮುಖ, ಅದೇ ಕೂಡುಹುಬ್ಬು, ಮದರಂಗಿ ಬಳಿದ ಅದೇ ಬೆರಳು. ಬೇರೆಯಾಗುವುದು ಮುತ್ತಿನ ಸಾಲು, ಬಟ್ಟೆಯ ಹೂಬಳ್ಳಿ. ಗೋಡೆಗೂಡಿನಲ್ಲಿ ಕೂಡಿಸಲು ಬರೆದ ಹಲವು ಚಿತ್ರಗಳ ಮೇಲಂಚೂ ಕಮಾನಾಗಿರುತ್ತದೆ. ಇವು ಕೋಣೆಯ ಅಲಂಕಾರ. ಹಾಗಾಗಿ ‘ತಾರ್ ನುಡಿಸುವ ಹೆಣ್ಣು’ ಎಂದರೆ ಸಾಕು. ‘ಕಾಜಾರ್ ರಾಣಿಯ ಭಾವಚಿತ್ರ’ ಎಂದು ಬರೆದಿರೋ, ಇಲ್ಲದ ರಾಣಿಯೊಬ್ಬಳು ಹುಟ್ಟಿಕೊಂಡಳು.

‘ಚಹರೆ’ ಪಾರಸಿಯದೇ, ಅಲ್ಲಿ ಅದರರ್ಥ ಬರೀ ಮುಖ. ಕನ್ನಡಕ್ಕೆ ಬಂದು ಪೊಲೀಸರ ಕೈಗೆ ಸಿಕ್ಕಿ ‘ಗೋಧಿ ಮೈಬಣ್ಣ, ಕೋಲುಮುಖ’ ಎಂಬ ಗುರುತಿನ ಪಟ್ಟಿಯಾಯಿತು. ಎಲ್ಲರಿಗೂ ಒಂದೇ ಮುಖ ಬರೆದ ಚಿತ್ರಕ್ಕೆ ಅದು ತೀರ ವಿರುದ್ಧ. ‘ಪ್ರತಿಕೃತಿ’ಯನ್ನು ನಾವು ಸುಡುವುದಕ್ಕೇ ಮೀಸಲಿಟ್ಟಿದ್ದೇವೆ, ಬಿಡಿ.

ಚಿತ್ರದ ಮೇಲೆ ‘ಶಬೀಹ್’ ಎಂದಿದ್ದು ಮುಂದೆ ಹೆಸರಿದ್ದರೆ ಧೈರ್ಯವಾಗಿ ಭಾವಚಿತ್ರ ಎನ್ನಿ; ಶಬೀಹ್ ಎಂದರೆ ಹೋಲಿಕೆ. ಎಡವುವುದು ‘ರಕಮ್’ ಇದ್ದಾಗ. ನಮಗೆ ರಕಮು ಅಂದರೆ ಹಣದ ಮೊತ್ತ, ಅಲ್ಲಿ ಅದು ಕಲಾವಿದನ ರುಜು. ಕಾಜಾರರಿಗೂ ಹಿಂದಿನ ಸಫವಿ ಅರಸರ ಕಾಲದ ಚಿತ್ರಕಾರ ರಿಜಾ ಅಬ್ಬಾಸಿ ‘ರಕಮೆ ಕಮೀನೆ ರಿಜಾಯೆ ಅಬ್ಬಾಸಿ’ ಎಂದು, ಅಂದರೆ ‘ದೀನ ರಿಜಾ ಅಬ್ಬಾಸಿ ಬರೆದದ್ದು’ ಎಂದು ಸಹಿ ಹಾಕುತ್ತಿದ್ದ. ರಕಮ್ ಮುಂದಿನ ಹೆಸರನ್ನು ಚಿತ್ರದೊಳಗಿನ ಹೆಂಗಸಿಗೆ ಅಂಟಿಸಬಾರದು.

ಮುಂದಿನ ಕಾಜಾರ್ ದೊರೆ ನಾಸಿರುದ್ದೀನ್ ಶಾ (ಆಳ್ವಿಕೆ 1848–1896) ಸ್ವತಃ ಕ್ಯಾಮೆರಾ ಹಿಡಿದು ತನ್ನ ಹೆಂಡಂದಿರ ಫೋಟೋ ತೆಗೆದ. ಅವು ಭಾವಚಿತ್ರಗಳೇ, ಅನುಮಾನವಿಲ್ಲ. ಅವರಿದ್ದ ಜಾಗವನ್ನು ‘ಜನಾನಾ’ ಎಂದರೆ ಕನ್ನಡದ ಓದುಗರಿಗೆ ತಿಳಿಯುತ್ತದೆ. ಇರಾನಿನವರ ಮಾತು ‘ಅಂದರೂನಿ’, ಒಳಮನೆ.

ಇನ್ನು ಮೀಸೆ. ನಮ್ಮಲ್ಲಿ ಹೆಣ್ಣಿಗೆ ಮೀಸೆ ಎಂದರೆ ನಗೆಪಾಟಲು. 19ನೆಯ ಶತಮಾನದ ಇರಾನಿನಲ್ಲಿ ಆ ತೆಳು ನವಿರು ಚೆಲುವಿನ ಲಕ್ಷಣ, ಇಲ್ಲದವರು ಕಾಡಿಗೆಯಿಂದ ತೀಡಿಕೊಳ್ಳುವಷ್ಟು. ‘ಮೇಲ್ದುಟಿಯ ನವಿರು’ ಎಂದೇ ಬರೆಯಿರಿ.