3 ಅಡಿ ಮೀನಿನ ಟ್ಯಾಂಕ್‌ಗೆ ತಿಂಗಳಿಗೆ ಎಷ್ಟು ಯೂನಿಟ್? ಗೃಹಜ್ಯೋತಿ ಮೀರುತ್ತಾ?

ದಾವಣಗೆರೆ_ಗಪ್ಪಿ:
ಟ್ಯಾಂಕ್ ಹಾಲ್‌ನಲ್ಲಿ ಇಟ್ಟಾಗಿದೆ, ಇನ್ನೂ ಮೀನು ಬಿಟ್ಟಿಲ್ಲ. ಅಳತೆ 3 ಅಡಿ ಉದ್ದ, 1 ಅಡಿ ಅಗಲ, ಒಂದೂವರೆ ಅಡಿ ಎತ್ತರ. ಒಳಗಿಡುವ ಪವರ್ ಫಿಲ್ಟರ್ 15 ವ್ಯಾಟ್, ಏರ್ ಪಂಪ್ 4, ಎಲ್‌ಇಡಿ 20, ಹೀಟರ್ 100. ಒಟ್ಟು 139 ವ್ಯಾಟ್. 24 ಗಂಟೆ, 30 ದಿನ ಅಂತ ಗುಣಿಸಿದರೆ 100 ಯೂನಿಟ್ ಬರ್ತಿದೆ! ಗೃಹಜ್ಯೋತಿಯಲ್ಲಿ ನಮ್ಮ ಮಿತಿ 130, ಈಗಿನ ಬಳಕೆ 120ರ ಆಸುಪಾಸು. 220 ಆಗಿಬಿಟ್ಟರೆ ಪೂರ್ತಿ ಬಿಲ್ ಕಟ್ಟಬೇಕಲ್ವಾ? ಲೆಕ್ಕ ಸರಿ ಇದೆಯಾ? ರಾತ್ರಿ ಹೊತ್ತು ಫಿಲ್ಟರ್ ಆಫ್ ಮಾಡಿದರೆ ಉಳಿತಾಯ ಆಗುತ್ತಾ?

ಮೀಟರ್_ಮಂದಿ:
ಗುಣಾಕಾರ ಸರಿ, ಗಂಟೆಗಳು ತಪ್ಪು. ನಿಮ್ಮ ಪಟ್ಟಿಯಲ್ಲಿ 24 ಗಂಟೆ ಓಡುವುದು ಫಿಲ್ಟರ್ ಮತ್ತು ಏರ್ ಪಂಪ್ ಎರಡೇ. ಬಿಡದೆ ಓಡುವ ಪ್ರತಿ 1 ವ್ಯಾಟ್‌ಗೆ ತಿಂಗಳಿಗೆ 0.72 ಯೂನಿಟ್. ತೆರಿಗೆ, ಸರ್‌ಚಾರ್ಜ್ ಎಲ್ಲ ಸೇರಿಸಿ ಯೂನಿಟ್‌ಗೆ 7 ರೂಪಾಯಿ ಅಂತ ಹಿಡಿಯೋಣ (ನಿಮ್ಮ ಬಿಲ್ ನೋಡಿ ತಿದ್ದಿಕೊಳ್ಳಿ). ಆಗ ವ್ಯಾಟ್‌ಗೆ ತಿಂಗಳಿಗೆ 5 ರೂಪಾಯಿ ಆಯಿತು. ಇದೊಂದು ನೆನಪಿಟ್ಟುಕೊಂಡರೆ ಅಂಗಡಿಯಲ್ಲಿ ನಿಂತೇ ಲೆಕ್ಕ ಹಾಕಬಹುದು.

ಫಿಲ್ಟರ್: 15 × 0.72 = 10.8 ಯೂನಿಟ್
ಏರ್ ಪಂಪ್: 4 × 0.72 = 2.9 ಯೂನಿಟ್
ಲೈಟ್: 20 ವ್ಯಾಟ್ × 8 ಗಂಟೆ × 30 ದಿನ = 4.8 ಯೂನಿಟ್

ಹೀಟರ್ ಬಿಟ್ಟು ಹದಿನೆಂಟೂವರೆ ಯೂನಿಟ್. ಲೈಟ್ 8 ಗಂಟೆಗಿಂತ ಹೆಚ್ಚು ಬೇಡ, ಕರೆಂಟ್‌ಗಿಂತ ಮೊದಲು ಪಾಚಿ ಕಾಟ ಶುರುವಾಗುತ್ತೆ. ಒಂದು ಟೈಮರ್ ಪ್ಲಗ್ ಹಾಕಿ ಮರೆತುಬಿಡಿ.

ಗೃಹಜ್ಯೋತಿ ವಿಷಯ: 2022-23ರ ನಿಮ್ಮ ಸರಾಸರಿಗೆ ಶೇ 10 ಸೇರಿಸಿ ಬಂದದ್ದೇ ಆ 130. ಮಿತಿ ದಾಟಿದರೂ 200ರ ಒಳಗಿದ್ದರೆ ಹೆಚ್ಚುವರಿ ಯೂನಿಟ್‌ಗಷ್ಟೇ ದುಡ್ಡು. 120ಕ್ಕೆ 18-19 ಸೇರಿದರೆ 139, ಅಂದರೆ 9 ಯೂನಿಟ್‌ಗೆ 63 ರೂಪಾಯಿ. 200 ದಾಟಿದ ತಿಂಗಳು ಮಾತ್ರ ಇಡೀ ಬಿಲ್ ತಲೆಮೇಲೆ ಬೀಳುತ್ತೆ. ನಿಗದಿತ ಶುಲ್ಕ ಮಂಜೂರಾದ ಕಿಲೋವ್ಯಾಟ್ ಮೇಲೆ ಇರುವುದರಿಂದ ಟ್ಯಾಂಕ್ ಇಟ್ಟ ಮಾತ್ರಕ್ಕೆ ಅದು ಬದಲಾಗಲ್ಲ.

ಸ್ಪಂಜ್_ಫಿಲ್ಟರ್:
ರಾತ್ರಿ ಫಿಲ್ಟರ್ ಆಫ್ ಮಾಡೋ ಯೋಚನೆ ಈಗಲೇ ಬಿಡಿ. 8 ಗಂಟೆ ಆಫ್ ಮಾಡಿದರೆ ತಿಂಗಳಿಗೆ ಉಳಿಯೋದು 3.6 ಯೂನಿಟ್, 25 ರೂಪಾಯಿ. ಅಮೋನಿಯಾ (ಮೀನಿನ ಹೊಲಸಿನಿಂದ ಬರುವ ವಿಷ) ತಿನ್ನುವ ಬ್ಯಾಕ್ಟೀರಿಯಾ ಫಿಲ್ಟರ್ ಒಳಗಿನ ಸ್ಪಂಜಿನಲ್ಲೇ ಇರುವುದು. ನೀರು ಹರಿಯದಿದ್ದರೆ ಆಮ್ಲಜನಕ ಸಿಗದೆ ಸಾಯತೊಡಗುತ್ತವೆ, ಬೆಳಗ್ಗೆ ಸ್ವಿಚ್ ಹಾಕಿದಾಗ ಒಳಗೆ ಕೊಳೆತ ನೀರು ಒಂದೇ ಸಲ ಟ್ಯಾಂಕ್‌ಗೆ ಬರುತ್ತೆ.

ಉಳಿಸಲೇಬೇಕು ಅಂದ್ರೆ ಪವರ್ ಫಿಲ್ಟರ್ ತೆಗೆದು, ಈಗಿರೋ 4 ವ್ಯಾಟ್ ಏರ್ ಪಂಪ್‌ಗೆ ಎರಡು ಸ್ಪಂಜ್ ಫಿಲ್ಟರ್ (ಪಂಪಿನ ಗಾಳಿಯಿಂದಲೇ ನೀರು ಎಳೆಯುವಂಥದ್ದು) ಕಟ್ಟಿ. ಪಂಪ್‌ಗೆ ಎರಡು ಔಟ್‌ಲೆಟ್ ಇರಬೇಕು, ಇಲ್ಲದಿದ್ದರೆ ಟಿ ಕನೆಕ್ಟರ್ ಜೊತೆ ಎರಡು ವಾಲ್ವ್. ಗಪ್ಪಿ, ಮಾಲಿಯಂಥ ಸಣ್ಣ ಮೀನಿಗೆ ಇದು ಧಾರಾಳ ಸಾಕು. ಗೋಲ್ಡ್‌ಫಿಶ್‌ಗೆ ಸಾಲದು, ಅದರ ಹೊಲಸು ಜಾಸ್ತಿ. ಏರ್ ಪಂಪ್ ನೀರಿನ ಮಟ್ಟಕ್ಕಿಂತ ಕೆಳಗೆ ಇಟ್ಟಿದ್ದರೆ ಪೈಪಿಗೆ ಚೆಕ್ ವಾಲ್ವ್ (ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಹಾಕಿ. ಕರೆಂಟ್ ಹೋದಾಗ ನೀರು ಹಿಂದಕ್ಕೆ ಇಳಿದು ಪಂಪ್ ಸುಟ್ಟುಹೋಗುತ್ತೆ, ಆಮೇಲೆ ನೆಲದ ಮೇಲೂ ನೀರು.

ದಾವಣಗೆರೆ_ಗಪ್ಪಿ:
ಧನ್ಯವಾದ ಇಬ್ಬರಿಗೂ. ಡಬ್ಬಿ ಮೇಲೆ ಬರೆದ ವ್ಯಾಟ್ ನಂಬಬಹುದಾ? ಪರಿಚಯದ ಎಲೆಕ್ಟ್ರಿಷಿಯನ್ ಕ್ಲ್ಯಾಂಪ್ ಮೀಟರ್ ಹಿಡಿದು, ಆಂಪಿಯರ್‌ಗೆ 230 ಗುಣಿಸಿ, ಫಿಲ್ಟರ್ ಒಂದೇ 28 ವ್ಯಾಟ್ ಅಂತಾರೆ. ಮತ್ತೆ ಹೀಟರ್ ಲೆಕ್ಕ ಹೇಗೆ?

ಮೀಟರ್_ಮಂದಿ:
ಎಲೆಕ್ಟ್ರಿಷಿಯನ್ ಅಳೆದದ್ದು ವಿಎ (ವೋಲ್ಟ್ ಮತ್ತು ಆಂಪಿಯರ್‌ನ ಬರೀ ಗುಣಲಬ್ಧ), ವ್ಯಾಟ್ ಅಲ್ಲ. ಫಿಲ್ಟರ್‌ನಲ್ಲಿರುವ ಈ ಸಣ್ಣ ಸಿಂಕ್ರೊನಸ್ ಮೋಟರ್‌ಗಳ ಪವರ್ ಫ್ಯಾಕ್ಟರ್ (ವಿಎಯಲ್ಲಿ ನಿಜವಾದ ವ್ಯಾಟ್‌ನ ಪಾಲು) ಅರ್ಧದ ಹತ್ತಿರಕ್ಕೂ ಇಳಿದಿರುತ್ತೆ. ಮನೆ ಮೀಟರ್ ನಿಜವಾದ ವ್ಯಾಟ್‌ಗೆ ಮಾತ್ರ ಯೂನಿಟ್ ಎಣಿಸುತ್ತೆ, ಹಾಗಾಗಿ 28 ವಿಎ ಇದ್ದರೂ ಬಿಲ್‌ಗೆ ಬರೋದು ಸುಮಾರು 15.

ದುಡ್ಡಿಲ್ಲದೆ ಅಳೆಯಲು ಮನೆಯ ಮೀಟರ್ ಸಾಕು. ಮುಖದ ಮೇಲೆ 'ಇಂಪ್ ಪರ್ ಕೆಡಬ್ಲ್ಯೂಎಚ್' ಅಂತ ಸಂಖ್ಯೆ ಇರುತ್ತೆ (ಒಂದು ಯೂನಿಟ್‌ಗೆ ದೀಪ ಎಷ್ಟು ಸಲ ಮಿನುಗುತ್ತೆ ಅಂತ), 3200 ಅಥವಾ 1600, ಅದರ ಹತ್ತಿರವೇ ಮಿನುಗುವ ಕೆಂಪು ದೀಪ. ಫ್ರಿಜ್, ವೈಫೈ ರೂಟರ್, ಸೆಟ್‌ಟಾಪ್ ಬಾಕ್ಸ್, ಇನ್ವರ್ಟರ್, ಸೊಳ್ಳೆ ಯಂತ್ರ ಎಲ್ಲ ಪ್ಲಗ್‌ನಿಂದಲೇ ತೆಗೆಯಿರಿ. ಹೀಟರ್ ಬಿಟ್ಟು ಟ್ಯಾಂಕಿನ ಉಳಿದ ಸಾಮಾನು ಮಾತ್ರ ಓಡಲಿ. ದೀಪ ಒಮ್ಮೆ ಮಿನುಗಿದಾಗ ಸ್ಟಾಪ್‌ವಾಚ್ ಒತ್ತಿ, ಮುಂದೆ ಹತ್ತು ಸಲ ಮಿನುಗುವವರೆಗೆ ಕಾದು ಹತ್ತರಿಂದ ಭಾಗಿಸಿ. 3200ರ ಮೀಟರ್ ಆದರೆ 1125 ಅನ್ನು ಆ ಸೆಕೆಂಡಿನಿಂದ ಭಾಗಿಸಿದರೆ ವ್ಯಾಟ್. 1600 ಆದರೆ 2250 ಭಾಗಿಸಿ. ಕೊನೆಗೆ ಟ್ಯಾಂಕನ್ನೂ ಆಫ್ ಮಾಡಿ ನೋಡಿ. ಆಗಲೂ ಮಿನುಗುತ್ತಿದ್ದರೆ ಎಲ್ಲೋ ಏನೋ ಓಡ್ತಾ ಇದೆ, ಅಷ್ಟನ್ನು ಕಳೆಯಬೇಕು.

ಪ್ಲಗ್‌ಗೆ ಹಾಕುವ ವ್ಯಾಟ್‌ಮೀಟರ್ ಇದ್ದರೆ ಇನ್ನೂ ಸುಲಭ. ಆದರೆ ಅಗ್ಗದವು 5 ವ್ಯಾಟ್‌ಗಿಂತ ಕೆಳಗೆ ಏನೇನೋ ತೋರಿಸುತ್ತವೆ, ಏರ್ ಪಂಪ್ ಒಂದನ್ನೇ ಅಳೆಯಬೇಡಿ. ಎಲ್ಲವನ್ನೂ ಒಂದೇ ಸ್ಪೈಕ್ ಬಸ್ಟರ್‌ಗೆ ಹಾಕಿ ಒಟ್ಟಿಗೆ ಅಳೆಯಿರಿ.

ಡಿಸ್ಕಸ್_ಪ್ರಿಯ:
ಹೀಟರ್ ಬಗ್ಗೆ ನಾನು ಹೇಳ್ತೀನಿ, ಬಿಲ್ ಏರಿಸೋದು ಅದೊಂದೇ. 100 ವ್ಯಾಟ್ ಅಂದರೆ ಸದಾ 100 ಅಲ್ಲ, ಥರ್ಮೋಸ್ಟ್ಯಾಟ್ ಹಾಕ್ತಾ ತೆಗೀತಾ ಇರುತ್ತೆ. ನಿಮ್ಮ ಟ್ಯಾಂಕಿನಲ್ಲಿ ನೀರು ಸುಮಾರು 110 ಲೀಟರ್. ಅಷ್ಟನ್ನು 1 ಡಿಗ್ರಿ ಏರಿಸಲು ಬೇಕಾದದ್ದು ಬರೀ 0.13 ಯೂನಿಟ್. ಖರ್ಚಾಗೋದು ಏರಿಸೋದಕ್ಕಲ್ಲ, ಗಾಜಿನಿಂದಲೂ ಮೇಲಿನ ನೀರಿನಿಂದಲೂ ಸೋರಿಹೋಗುವ ಶಾಖವನ್ನು ದಿನವಿಡೀ ತುಂಬೋದಕ್ಕೆ. ಕೋಣೆ 22, ನೀರು 26 ಇದ್ದಾಗ ಗಂಟೆಗೆ 20-25 ನಿಮಿಷ ಉರಿಯುತ್ತೆ ಅಂತ ಅಂದಾಜು. ಸರಾಸರಿ 35 ವ್ಯಾಟ್, ತಿಂಗಳಿಗೆ 25 ಯೂನಿಟ್. ನಿಮ್ಮದು ಎಷ್ಟು ಅಂತ ತಿಳಿಯಲು ಹೀಟರ್‌ನ ಸಣ್ಣ ದೀಪ ಹೊತ್ತಿದ್ದು, ಆರಿದ್ದು ಒಂದು ಗಂಟೆ ಬರೆದಿಡಿ. ಬೆಳಗಿನ ಜಾವ ಒಮ್ಮೆ, ಮಧ್ಯಾಹ್ನ ಒಮ್ಮೆ.

ಮೇಲೆ ಗಾಜಿನ ಮುಚ್ಚಳ ಇದೆಯಾ? 1 ಲೀಟರ್ ನೀರು ಆವಿಯಾದರೆ ಸುಮಾರು 0.67 ಯೂನಿಟ್‌ನಷ್ಟು ಶಾಖ ಜೊತೆಗೇ ಹೋಗುತ್ತೆ. ತೆರೆದ ಟ್ಯಾಂಕಿನಲ್ಲಿ ದಿನಕ್ಕೆ ಅರ್ಧ ಲೀಟರ್ ಇಳಿದರೂ ತಿಂಗಳಿಗೆ 10 ಯೂನಿಟ್ ಗಾಳಿಗೆ. 4 ಎಂಎಂ ಗಾಜು ಕತ್ತರಿಸಿ ಮುಚ್ಚಿ, ಹಿಂದಿನ ಗಾಜಿಗೆ ಒಂದಿಂಚು ಥರ್ಮೋಕೋಲ್ ಅಂಟಿಸಿ. ನನ್ನ ಪ್ರಕಾರ ಇದಕ್ಕಿಂತ ಅಗ್ಗದ ಉಳಿತಾಯ ಇಲ್ಲ.

ಗಪ್ಪಿಗೆ 23-24 ಸಾಕು, ಗೋಲ್ಡ್‌ಫಿಶ್‌ಗೆ ಹೀಟರೇ ಬೇಡ. ನೀರು ಬದಲಾಯಿಸುವ ಮುಂಚೆ ಹೀಟರ್ ಆಫ್ ಮಾಡಿ ಹದಿನೈದು ನಿಮಿಷ ಬಿಡಿ. ಬಿಸಿ ಇರುವಾಗಲೇ ನೀರಿನಿಂದ ಹೊರಗೆ ಬಂದರೆ ಗಾಜಿನ ಕೊಳವೆ ಬಿರುಕು ಬಿಡುತ್ತೆ. ಅರ್ತಿಂಗ್ ಮತ್ತು 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇಲ್ಲದ ಸಾಕೆಟ್‌ಗೆ ಹೀಟರ್ ಹಾಕಲೇಬೇಡಿ.

ಕುಡ್ಲ_ಟ್ಯಾಂಕ್:
ನಮ್ಮ ಕರಾವಳಿ ಕಡೆ ಹೀಟರ್ ಪೆಟ್ಟಿಗೆಯಲ್ಲೇ ಇರ್ತದೆ, ಬೇಸಿಗೆಯದ್ದೇ ಚಿಂತೆ. ಚಿಲ್ಲರ್ (ನೀರು ತಂಪು ಮಾಡುವ ಯಂತ್ರ) ತೆಗೆದುಕೊಳ್ಳುವ ಮುಂಚೆ 3 ವ್ಯಾಟ್‌ನ ಕಂಪ್ಯೂಟರ್ ಫ್ಯಾನ್ ನೀರಿನ ಮೇಲೆ ಬೀಸುವ ಹಾಗೆ ಇಟ್ಟು ನೋಡಿ, ತಿಂಗಳಿಗೆ 2 ಯೂನಿಟ್ ಅಷ್ಟೇ. ದಾವಣಗೆರೆ, ರಾಯಚೂರಿನ ಒಣ ಗಾಳಿಗೆ 2-3 ಡಿಗ್ರಿ ಇಳಿಯುತ್ತದೆ. ಮಂಗಳೂರಿನ ಸೆಕೆಗೆ ಅಷ್ಟು ಇಳಿಯುವುದಿಲ್ಲ, ಗಾಳಿಯಲ್ಲೇ ನೀರು ತುಂಬಿರ್ತದಲ್ಲ. ಆವಿಯಾದಷ್ಟು ನೀರು ದಿನಾ ತುಂಬಲಿಕ್ಕೆ ಮರೆಯಬೇಡಿ.

ದಾವಣಗೆರೆ_ಗಪ್ಪಿ:
ಅಳೆದೆ. ಮೀಟರ್ 3200. ಹೀಟರ್ ಇಲ್ಲದೆ 32 ಸೆಕೆಂಡಿಗೊಮ್ಮೆ ಮಿನುಗುತ್ತೆ, ಟ್ಯಾಂಕ್ ಆಫ್ ಮಾಡಿದ ಮೇಲೆ ಮಿನುಗಲೇ ಇಲ್ಲ. ಅಂದ್ರೆ 35 ವ್ಯಾಟ್. ಪಟ್ಟಿ ಪ್ರಕಾರ 39 ಇರಬೇಕಿತ್ತಲ್ಲ?

ಮೀಟರ್_ಮಂದಿ:
ಆ 4 ವ್ಯಾಟ್ ಎಲ್‌ಇಡಿಯದ್ದೇ ಇರಬೇಕು, ಬರೆದದ್ದಕ್ಕಿಂತ ಕಡಿಮೆ ಎಳೆಯುವ ಲೈಟ್‌ಗಳು ಮಾರ್ಕೆಟ್‌ನಲ್ಲಿ ತುಂಬಾ ಇವೆ. ಲೈಟ್ ಮಾತ್ರ ಆರಿಸಿ ಮತ್ತೆ ಎಣಿಸಿ. 59 ಸೆಕೆಂಡ್ ಬಂದರೆ ಫಿಲ್ಟರ್, ಪಂಪ್ ಸೇರಿ 19, ನಿಮ್ಮ ಡಬ್ಬಿಗಳು ಸತ್ಯ ಹೇಳಿವೆ. ಹಾಗಿದ್ದರೆ ತಿಂಗಳಿಗೆ 17.5 ಯೂನಿಟ್, ಚಳಿಗಾಲದಲ್ಲಿ ಹೀಟರ್ ಸೇರಿ 43. ಮನೆ ಬಳಕೆ ಸೇರಿದರೆ 163, ಕೈಯಿಂದ ಕಟ್ಟೋದು 33 ಯೂನಿಟ್‌ಗೆ 230 ರೂಪಾಯಿ ಚಿಲ್ಲರೆ. 200ಕ್ಕೆ ಇನ್ನೂ 37 ಯೂನಿಟ್ ಅಂತರ ಇದೆ. ಡಿಸೆಂಬರ್, ಜನವರಿಯಲ್ಲಿ ಗಮನ ಇಡಬೇಕಾದದ್ದು ಗೀಸರ್ ಮೇಲೆ. 2 ಕಿಲೋವ್ಯಾಟ್‌ನದ್ದು ದಿನಕ್ಕೆ 40 ನಿಮಿಷ ಹೆಚ್ಚು ಓಡಿದರೆ ತಿಂಗಳಿಗೆ 40 ಯೂನಿಟ್, ಆ 37ನ್ನು ಅದೊಂದೇ ತಿಂದುಹಾಕುತ್ತೆ.